ಬಟ್ಟೆ ಗೊಂಬೆಯಲ್ಲಿ ಕಾರ್ಯಪ್ಪ: ಹೋಲಿಕೆ ತರುವುದು ಹೇಗೆ?

ಕೊಡಗಿನಲ್ಲಿ ಬಟ್ಟೆ ಗೊಂಬೆ ಕಲಿಯುವವರು ಮೊದಲು ಮಾಡಬೇಕು ಅಂದುಕೊಳ್ಳುವುದು ಫೀಲ್ಡ್ ಮಾರ್ಷಲ್ ಕಾರ್ಯಪ್ಪ ಅವರನ್ನೇ. ಒಳ್ಳೆಯ ಆಯ್ಕೆ, ಆದರೆ ಕಷ್ಟದ್ದು, ಯಾಕೆಂದರೆ ಇಲ್ಲಿ ಆ ಮುಖ ಎಲ್ಲರಿಗೂ ಪರಿಚಿತ.

ಮೊದಲು ಯಾವ ವರ್ಷದ ಕಾರ್ಯಪ್ಪ ಅಂತ ತೀರ್ಮಾನಿಸಿ. 1949ರ ಜನವರಿ 15ರಂದು ಭಾರತೀಯ ಸೇನೆಯ ಮೊದಲ ಭಾರತೀಯ ಮಹಾದಂಡನಾಯಕರಾದಾಗ ಅವರಿಗೆ ಇನ್ನೂ ಐವತ್ತು ತುಂಬಿರಲಿಲ್ಲ. ಫೀಲ್ಡ್ ಮಾರ್ಷಲ್ ಪದವಿ ಬಂದದ್ದು 1986ರಲ್ಲಿ. ಹಾಗಾಗಿ ಕಪ್ಪು ಕೂದಲಿನ ಗೊಂಬೆಯ ಕೈಗೆ ಫೀಲ್ಡ್ ಮಾರ್ಷಲ್ ಬೇಟನ್ (ಆ ಪದವಿಯ ಗುರುತಾದ ಗಿಡ್ಡ ಕೋಲು) ಕೊಟ್ಟರೆ ತಪ್ಪಾಗುತ್ತದೆ. ಇಂಥ ತಪ್ಪು ಇಲ್ಲಿನ ನಿವೃತ್ತ ಸೈನಿಕರ ಕಣ್ಣಿಗೆ ತಕ್ಷಣ ಬೀಳುತ್ತದೆ.

ಈಗ ಮುಖ. ಬನಿಯನ್ ಬಟ್ಟೆ ಸಾಕು, ಆದರೆ ಅದು ಯಾವ ಕಡೆ ಹಿಗ್ಗುತ್ತದೆ ಅಂತ ಎಳೆದು ನೋಡಿ. ಹಿಗ್ಗು ಅಡ್ಡಕ್ಕೆ ಬಂದರೆ ತುಂಬಿದ ಮೇಲೆ ಕೆನ್ನೆ ಅಗಲವಾಗುತ್ತದೆ, ಉದ್ದಕ್ಕೆ ಬಂದರೆ ಮುಖ ನೀಳವಾಗುತ್ತದೆ. ಕಾರ್ಯಪ್ಪ ಅವರದು ತೆಳ್ಳಗಿನ ಮುಖ, ಆದ್ದರಿಂದ ಉದ್ದಕ್ಕೇ ಇಡಿ. ತಲೆಯನ್ನು ಗಟ್ಟಿಯಾಗಿ ತುಂಬಿ, ಸಡಿಲ ಬಿಟ್ಟರೆ ದಾರ ಎಳೆದಾಗ ನೆರಿಗೆ ಬೀಳುತ್ತದೆ. ಉದ್ದ ಸೂಜಿಯನ್ನು ತಲೆಯ ಹಿಂಭಾಗದಿಂದ ಚುಚ್ಚಿ ಕಣ್ಣಿನ ಒಳಮೂಲೆಯಲ್ಲಿ ತೆಗೆಯಿರಿ, ಪಕ್ಕದಲ್ಲೇ ಮತ್ತೆ ಚುಚ್ಚಿ ಹಿಂದಕ್ಕೆ ತಂದು ಎಳೆಯಿರಿ. ಕಣ್ಣಿನ ಗುಳಿ ಹಾಗೆ ಮೂಡುತ್ತದೆ. ಮೂಗಿಗೆ ಬಟ್ಟೆಯ ಜೊತೆ ಒಳಗಿನ ಹತ್ತಿಯನ್ನೂ ಬೆರಳಲ್ಲಿ ಹಿಡಿದೆತ್ತಿ, ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ ಹೊಲಿಗೆ ಹಾಕುತ್ತಾ ಇಳಿಯಬೇಕು.

ಹೋಲಿಕೆ ಇರುವುದು ಅಳತೆಯಲ್ಲಿ. ಫೋಟೋವನ್ನು ಗೊಂಬೆಯ ತಲೆಯಷ್ಟೇ ದೊಡ್ಡದಾಗಿ ಪ್ರಿಂಟ್ ತೆಗೆಸಿ, ಕಣ್ಣುಗಳ ನಡುವಿನ ಅಂತರ, ಮೂಗಿನ ತುದಿಯಿಂದ ತುಟಿಗೆ, ತುಟಿಯಿಂದ ಗಲ್ಲಕ್ಕೆ ಎಷ್ಟು ಅಂತ ಗುಂಡುಪಿನ್ನಿನಿಂದ ಗುರುತು ಹಾಕಿ. ಆಮೇಲೆ ಮೀಸೆ. ಮೀಸೆ ಮೊದಲೇ ಅಂಟಿಸಿದರೆ ಮುಖ ಸರಿಯಿದೆ ಅಂತ ಸುಮ್ನೆ ಅನ್ನಿಸಿಬಿಡುತ್ತದೆ, ಕೆಳಗಿನ ಅಳತೆ ತಪ್ಪಿದ್ದರೂ ಗೊತ್ತಾಗುವುದಿಲ್ಲ!

ತಲೆಯ ಗಾತ್ರದ ಲೆಕ್ಕ ಬೇರೆ. ದೊಡ್ಡವರ ಎತ್ತರ ತಲೆಯ ಸುಮಾರು ಏಳೂವರೆ ಪಟ್ಟು ಇರುತ್ತದೆ. ಆದರೆ 15 ಇಂಚಿನ ಗೊಂಬೆಗೆ ಅದೇ ಲೆಕ್ಕ ಹಿಡಿದರೆ ತಲೆ 2 ಇಂಚಷ್ಟೇ, ಅದರಲ್ಲಿ ಸೂಜಿ ಆಡುವುದೇ ಇಲ್ಲ. 3 ಇಂಚು ಮಾಡಿ, ಅಂದರೆ ಐದು ಪಟ್ಟು.

ಭಂಗಿಯೂ ಮುಖದಷ್ಟೇ ಮಾತಾಡುತ್ತದೆ. ಓಟಗಾರ್ತಿ ಅಶ್ವಿನಿ ನಾಚಪ್ಪ ಅವರ ಗೊಂಬೆ ನೆಟ್ಟಗೆ ನಿಂತರೆ ಯಾರು ಗುರುತಿಸುತ್ತಾರೆ? ಒಳಗೆ ತಂತಿಯ ಚೌಕಟ್ಟು ಹಾಕಿ ಮೊಣಕಾಲು ಎತ್ತಿಸಿ. ಕಾರ್ಯಪ್ಪ ಅವರಿಗೆ ತದ್ವಿರುದ್ಧ, ಬೆನ್ನು ಒಂಚೂರೂ ಬಾಗಬಾರದು.

ಸಮವಸ್ತ್ರದ ಬದಲು ಕೊಡವ ಉಡುಪು ಹಾಕುವುದಾದರೆ ಕುಪ್ಯಕ್ಕೆ, ಅಂದರೆ ಉದ್ದ ನಿಲುವಂಗಿಗೆ, ತೆಳು ಕಪ್ಪು ಹತ್ತಿ ಬಟ್ಟೆ ತೆಗೆದುಕೊಳ್ಳಿ. ದಪ್ಪ ಬಟ್ಟೆ ಇಷ್ಟು ಚಿಕ್ಕ ಮೈಮೇಲೆ ಉಬ್ಬಿ ನಿಲ್ಲುತ್ತದೆ. ಬಿಳಿ ಕುಪ್ಯ ಮದುಮಗನದು, ಅದು ಬೇಡ. ಸೊಂಟಕ್ಕೆ ಸುತ್ತುವ ಚೇಲೆಗೆ ಹಳೆಯ ಕೆಂಪು ರೇಷ್ಮೆ ಸೀರೆಯ ತುಂಡು ತುಂಬ ಚೆನ್ನಾಗಿ ಒಪ್ಪುತ್ತದೆ. ಪೀಚೆಕತ್ತಿ ಎಂಬ ಚಿಕ್ಕ ಕಠಾರಿಯನ್ನು ಚೇಲೆಯ ಮುಂಭಾಗಕ್ಕೇ ಸಿಕ್ಕಿಸಿ.

ಕೊನೆಗೆ ನಮ್ಮ ಮಳೆ. ಬೂರುಗದ ಹತ್ತಿ ತುಂಬಿದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತೇವ ಹಿಡಿದು ಬೂಷ್ಟು ಬರುವ ಭಯ ಜಾಸ್ತಿ, ಪಾಲಿಯೆಸ್ಟರ್ ಹತ್ತಿಯೇ ವಾಸಿ. ತಂತಿಯೂ ಅಲ್ಯೂಮಿನಿಯಂ ಅಥವಾ ತಾಮ್ರದ್ದಾಗಿರಲಿ, ಕಬ್ಬಿಣದ್ದಾದರೆ ತುಕ್ಕಿನ ಕಲೆ ಬಟ್ಟೆಯ ಮೇಲಕ್ಕೇ ಬರುತ್ತದೆ.