ಲೈಟ್ ಹಾಕಿದರೆ ಎಂಜಿನ್ ಬಿಸಿಯಾಗುತ್ತದೆಯೇ?

ಹಳೆಯ ಸೆಸ್ನಾ 172. ನಾಲ್ಕು ಸೀಟು, ಒಂದೇ ಎಂಜಿನ್. ಇಳಿಯುವ ಮುಂಚೆ ಪೈಲಟ್ ಲ್ಯಾಂಡಿಂಗ್ ಲೈಟ್ ಹಾಕುತ್ತಾರೆ. ತಕ್ಷಣ ಆಯಿಲ್ ಟೆಂಪರೇಚರ್ ಸೂಜಿ ಟಕ್ಕನೆ ಮೇಲೆ ಹಾರುತ್ತದೆ. ಲೈಟ್ ಆರಿಸಿದರೆ ಮತ್ತೆ ಕೆಳಗೆ. ಎಂಜಿನ್ ಸದ್ದಿನಲ್ಲಿ ಏನೂ ಬದಲಾವಣೆ ಇಲ್ಲ.

ಆಯಿಲ್ ನಿಜವಾಗಿಯೂ ಅಷ್ಟು ಬೇಗ ಬಿಸಿಯಾಗಬಹುದಾ? ಲೆಕ್ಕ ಹಾಕಿಯೇ ನೋಡೋಣ. ಎಂಜಿನ್ನಿನಲ್ಲಿ ಆರು ಲೀಟರ್ ಆಯಿಲ್ ಇದೆ ಎಂದುಕೊಳ್ಳಿ. ತೂಕ ಐದು ಕಿಲೋ ಚಿಲ್ಲರೆ. ಅಷ್ಟು ಆಯಿಲನ್ನು ಒಂದು ಡಿಗ್ರಿ ಬಿಸಿ ಮಾಡಲು ಸುಮಾರು 10 ಕಿಲೋಜೂಲ್ ಶಾಖ ಬೇಕು. ಒಂದೇ ಸೆಕೆಂಡಿನಲ್ಲಿ 40 ಡಿಗ್ರಿ ಏರಬೇಕಾದರೆ 400 ಕಿಲೋಜೂಲ್, ಅಂದರೆ 400 ಕಿಲೋವಾಟ್. ಈ ವಿಮಾನದ 160 ಅಶ್ವಶಕ್ತಿಯ ಎಂಜಿನ್ ಪೂರ್ತಿ ದುಡಿದರೂ ಪ್ರೊಪೆಲರ್‌ಗೆ ಕೊಡುವುದು 120 ಕಿಲೋವಾಟ್. ಅದರ ಮೂರು ಪಟ್ಟಿಗೂ ಜಾಸ್ತಿ ಶಾಖ ಸುಮ್ನೆ ಎಲ್ಲಿಂದ ಬರುತ್ತದೆ? ಹಾಗಾಗಿ ಹಾರಿದ್ದು ಸೂಜಿ ಮಾತ್ರ. ಬಿಸಿ ನಿಧಾನವಾಗಿ ಏರುತ್ತದೆ, ನಿಧಾನವಾಗಿ ಇಳಿಯುತ್ತದೆ. ಟಕ್ಕನೆ ಹಾರುವುದು ಕರೆಂಟಿನ ಸ್ವಭಾವ.

ನಿಜ ಹೇಳಬೇಕೆಂದರೆ ಆ ಮೀಟರಿಗೆ ಬಿಸಿ ಅಂದರೆ ಏನು ಅಂತಲೇ ಗೊತ್ತಿಲ್ಲ. ಅದಕ್ಕೆ ಗೊತ್ತಿರುವುದು ತನ್ನೊಳಗೆ ಎಷ್ಟು ಕರೆಂಟ್ ಹರಿಯುತ್ತಿದೆ ಎನ್ನುವುದಷ್ಟೆ. ಎಂಜಿನ್ನಿನಲ್ಲಿ ಒಂದು ಸೆನ್ಸರ್ ಕೂತಿರುತ್ತದೆ. ಆಯಿಲ್ ಬಿಸಿಯಾದಷ್ಟೂ ಅದರ ರೆಸಿಸ್ಟೆನ್ಸ್ ಇಳಿಯುತ್ತದೆ, ಕರೆಂಟ್ ಏರುತ್ತದೆ, ಸೂಜಿ ಬಲಕ್ಕೆ ವಾಲುತ್ತದೆ. ಸೆನ್ಸರಿಗೆ ಬರುವ ವೈರ್ ಒಂದೇ. ಕರೆಂಟ್ ವಾಪಸ್ ಹೋಗುವ ದಾರಿ ಎಂಜಿನ್ನಿನ ಲೋಹದ ಮೈ. ಅಲ್ಲಿಂದ ವಿಮಾನದ ಮೈ, ಕೊನೆಗೆ ಬ್ಯಾಟರಿ.

ಇಂಡಿಕೇಟರ್ ಹಾಕಿದಾಗಲೆಲ್ಲ ಹೆಡ್‌ಲೈಟ್ ಮಿಣುಕುವ ಹಳೆ ಬೈಕ್ ನೋಡಿದ್ದೀರಲ್ಲ? ಅಂಥದ್ದನ್ನು ನೋಡಿದರೆ ರಸ್ತೆ ಬದಿಯ ಎಲೆಕ್ಟ್ರಿಷಿಯನ್ ಬಲ್ಬು ಬಿಚ್ಚುವುದಿಲ್ಲ. "ಅರ್ಥ್ ಸರಿಯಿಲ್ಲ" ಎಂದು ನೇರ ಚಾಸಿಗೆ ಕೈ ಹಾಕುತ್ತಾನೆ. ಅರ್ಥ್ ಅಂದರೆ ಕರೆಂಟ್ ವಾಪಸ್ ಹೋಗುವ ಈ ಲೋಹದ ದಾರಿಯೇ. ವಿಮಾನದಲ್ಲೂ ಎಷ್ಟೋ ಸಲ ಕಥೆ ಇದೇ.

ಕಂಪನ ಕ್ಯಾಬಿನ್ನಿಗೆ ಬಾರದಿರಲಿ ಎಂದು ಎಂಜಿನ್ನನ್ನು ರಬ್ಬರ್ ಬುಷ್‌ಗಳ ಮೇಲೆ ಕೂರಿಸಿರುತ್ತಾರೆ. ರಬ್ಬರಿನಲ್ಲಿ ಕರೆಂಟ್ ಹರಿಯದು. ಅದಕ್ಕೇ ಎಂಜಿನ್ನಿಗೂ ವಿಮಾನದ ಮೈಗೂ ನಡುವೆ ಹೆಣೆದ ಲೋಹದ ಪಟ್ಟಿಯೊಂದನ್ನು ಬಿಗಿದಿರುತ್ತಾರೆ. ಕರೆಂಟ್ ಹುಟ್ಟಿಸುವ ಆಲ್ಟರ್ನೇಟರ್ ಕೂತಿರುವುದೂ ಎಂಜಿನ್ ಮೇಲೇ. ಹಾಗಾಗಿ ಲೈಟು, ರೇಡಿಯೋ ಎಲ್ಲದರ ಕರೆಂಟೂ ಈ ಪಟ್ಟಿಯ ಮೂಲಕವೇ ವಾಪಸ್ ಬರಬೇಕು. ಪಟ್ಟಿಯ ತುದಿಗೆ ತುಕ್ಕು ಹಿಡಿದಿದೆ, ಅಥವಾ ಯಾರೋ ಪೇಂಟ್ ಕೆರೆಯದೆ ಅದರ ಮೇಲೇ ನಟ್ ಬಿಗಿದಿದ್ದಾರೆ ಎನ್ನಿ. ಆ ಜಾಗದಲ್ಲಿ 0.05 ಓಮ್ ರೆಸಿಸ್ಟೆನ್ಸ್ ಇದ್ದರೂ ಸಾಕು. 20 ಆಂಪಿಯರ್ ಹರಿದಾಗ ಅಲ್ಲಿ ಒಂದು ವೋಲ್ಟ್ ವ್ಯತ್ಯಾಸ ಬೀಳುತ್ತದೆ. ಎಂಜಿನ್ನಿನ ಮೈ ವಿಮಾನದ ಮೈಗಿಂತ ಒಂದು ವೋಲ್ಟ್ ಕೆಳಗೆ ಹೋಗುತ್ತದೆ. 14 ವೋಲ್ಟಿನ ಮೀಟರಿಗೆ ಈಗ 15 ಸಿಕ್ಕಂತಾಯಿತು. ಕರೆಂಟ್ ಜಾಸ್ತಿ, ಸೂಜಿ ಮೇಲೆ. ಲೈಟ್ ಹಾಕಿದಾಗ ಆದದ್ದು ಇಷ್ಟೇ.

ಇದನ್ನು ಹಿಡಿಯಲು ಸುಲಭದ ಒಂದು ಪರೀಕ್ಷೆ ಇದೆ. ಸೆಸ್ನಾದ ಕೆಂಪು ಮಾಸ್ಟರ್ ಸ್ವಿಚ್ಚಿಗೆ ಎರಡು ಭಾಗ. ಒಂದು ಬ್ಯಾಟರಿಗೆ, ಇನ್ನೊಂದು ಆಲ್ಟರ್ನೇಟರ್‌ಗೆ. ನೆಲದ ಮೇಲೆ ಎಂಜಿನ್ ಓಡುತ್ತಿರುವಾಗ ಆಲ್ಟರ್ನೇಟರ್ ಭಾಗವನ್ನು ಮಾತ್ರ ಆರಿಸಿ. ಆಯಿಲ್, ಫ್ಯೂಯಲ್ ಸೂಜಿಗಳೆಲ್ಲ ಒಟ್ಟಿಗೆ ಜಾಗ ಬದಲಿಸಿದರೆ ಅನುಮಾನ ಅರ್ಥ್ ಮತ್ತು ಸಪ್ಲೈ ಮೇಲೆ. ನಾಲ್ಕು ಸೆನ್ಸರ್ ಒಂದೇ ದಿನ ಕೆಡುವುದು ಅಪರೂಪ ಅಲ್ವಾ? ಇದನ್ನು ಮರೆತು ಒಂದೊಂದೇ ಹೊಸ ಸೆನ್ಸರ್ ಹಾಕಿಸುತ್ತಾ ದುಡ್ಡು ಕಳೆಯುವವರೇ ಜಾಸ್ತಿ.

ಆ ಪಟ್ಟಿ ಪೂರ್ತಿ ಕಿತ್ತುಹೋದರೆ ಮೀಟರ್ ತಪ್ಪು ತೋರಿಸುವುದು ಸಣ್ಣ ವಿಷಯ. ಸ್ಟಾರ್ಟರಿಗೆ ಬೇಕಾದ ನೂರಾರು ಆಂಪಿಯರ್ ಬೇರೆ ದಾರಿ ಹುಡುಕುತ್ತದೆ. ಥ್ರಾಟಲ್ ಕೇಬಲ್ ಸಿಕ್ಕರೆ ಅದರಲ್ಲೇ ಹರಿಯುತ್ತದೆ, ಕೇಬಲ್ ಕಾದು ಕೆಂಡವಾಗಬಹುದು.

ಬೆಂಗಳೂರಿನ ಎನ್‌ಎಎಲ್ (ನ್ಯಾಷನಲ್ ಏರೋಸ್ಪೇಸ್ ಲ್ಯಾಬೊರೇಟರೀಸ್) ರೂಪಿಸಿದ ಹಂಸ-3 ವಿಮಾನದ ಮೈ ಲೋಹದ್ದಲ್ಲ, ನಾರು ಮತ್ತು ರಾಳ ಸೇರಿಸಿ ಮಾಡಿದ ಕಾಂಪೊಸಿಟ್. ಇಂಥ ವಿಮಾನಗಳಲ್ಲಿ ಮೈಯನ್ನೇ ವೈರಿನಂತೆ ಬಳಸಲು ಆಗುವುದಿಲ್ಲ. ಕರೆಂಟ್ ಮರಳಲು ಬೇರೆ ವೈರನ್ನೇ ಎಳೆಯಬೇಕು.

ಆಯಿಲ್ ಪ್ರೆಷರ್ ವಿಷಯ ಮಾತ್ರ ಬೇರೆ. ಹಳೆ ವಿಮಾನಗಳಲ್ಲಿ ಎಷ್ಟೋ ಕಡೆ ಇದಕ್ಕೆ ಕರೆಂಟೇ ಇಲ್ಲ. ಸಣ್ಣ ಕೊಳವೆಯಲ್ಲಿ ಆಯಿಲ್ಲೇ ಪ್ಯಾನೆಲ್‌ವರೆಗೆ ಬಂದು ಬಾಗಿದ ಟ್ಯೂಬೊಂದನ್ನು ಬಿಡಿಸುತ್ತದೆ. ಫ್ರಾನ್ಸಿನ ಯೂಜೀನ್ ಬೂರ್ಡನ್ 1849ರಲ್ಲಿ ಪೇಟೆಂಟ್ ಪಡೆದ ಉಪಾಯ ಇದು. ಹಾರುತ್ತಿರುವಾಗ ಪ್ರೆಷರ್ ಬಿದ್ದು ಟೆಂಪರೇಚರ್ ಏರುತ್ತಿದ್ದರೆ ಮೀಟರನ್ನು ಬೈಯುತ್ತಾ ಕೂರಬಾರದು. ಎಂಜಿನ್ ನಿಲ್ಲಬಹುದು ಎಂದುಕೊಂಡು ಇಳಿಯಲು ಜಾಗ ನೋಡಬೇಕು. ಟೆಂಪರೇಚರ್ ಸರಿಯಾಗೇ ಇದ್ದರೆ ಕೆಟ್ಟಿರುವುದು ಮೀಟರ್ ಇರಬಹುದು. ಆದರೂ ಹತ್ತಿರದ ವಿಮಾನ ನಿಲ್ದಾಣದಲ್ಲಿ ಇಳಿದು ನೋಡುವುದೇ ವಾಸಿ.

ಇನ್ನು ಒಂದೇ ಒಂದು ಸೂಜಿ ಕುಣಿಯುವ ಕೇಸು. ಸಿಲಿಂಡರ್ ಮತ್ತು ಹೊಗೆಯ ಬಿಸಿ ಅಳೆಯಲು ಸಾಮಾನ್ಯವಾಗಿ ಥರ್ಮೋಕಪಲ್ ಬಳಸುತ್ತಾರೆ. ಎರಡು ಬೇರೆ ಬೇರೆ ಲೋಹದ ತಂತಿಗಳನ್ನು ಜೋಡಿಸಿ, ಆ ಜೋಡಣೆಯನ್ನು ಕಾಯಿಸಿದರೆ ಸ್ವಲ್ಪ ವೋಲ್ಟೇಜ್ ಹುಟ್ಟುತ್ತದೆ. ಈ ಪರಿಣಾಮವನ್ನು 1821ರಲ್ಲಿ ಸೀಬೆಕ್ ಕಂಡ. ಸ್ವಲ್ಪ ಅಂದರೆ ಬಹಳ ಸ್ವಲ್ಪ. ಹೊಗೆ 700 ಡಿಗ್ರಿ ಸೆಲ್ಸಿಯಸ್ ಇದ್ದಾಗಲೂ ಸಿಗುವುದು 29 ಮಿಲಿವೋಲ್ಟ್. ಟಾರ್ಚಿನ ಒಂದು ಸೆಲ್ಲಿನ ಐವತ್ತನೇ ಒಂದು ಭಾಗ! ಕನೆಕ್ಟರಿನ ಕೊಳೆ, ಸಡಿಲ ಸ್ಕ್ರೂ, ಯಾವುದಾದರೂ ಸಾಕು ಇದನ್ನು ಕೆಡಿಸಲು.

ತುಂಡಾದ ಥರ್ಮೋಕಪಲ್ ವೈರಿಗೆ ಅಲ್ಲಿಂದ ಮೀಟರ್‌ವರೆಗೆ ಸಾದಾ ತಾಮ್ರದ ವೈರ್ ಜೋಡಿಸಿದರೆ ಇನ್ನೊಂದು ಎಡವಟ್ಟು. ಅಲ್ಲಿ ಹೊಸ ಜೋಡಣೆಗಳು ಹುಟ್ಟುತ್ತವೆ. ಆ ಜಾಗ 80 ಡಿಗ್ರಿ, ಮೀಟರಿನ ಬೆನ್ನು 25 ಡಿಗ್ರಿ ಇದ್ದರೆ ಓದು ಸುಮಾರು 55 ಡಿಗ್ರಿ ಕಡಿಮೆ ಬರುತ್ತದೆ. ಎಂಜಿನ್ ಸುತ್ತಲಿನ ಗಾಳಿ ಕಾದಂತೆ ತಪ್ಪೂ ಬೆಳೆಯುತ್ತದೆ. ಇದು ಟಕ್ಕನೆ ಹಾರುವುದಿಲ್ಲ, ನಿಧಾನವಾಗಿ ಜಾರುತ್ತದೆ. ಹಾಗಾಗಿ ನಿಜವೆಂದೇ ತೋರುತ್ತದೆ.

ಮೆಕ್ಯಾನಿಕ್‌ಗಳು ಆಗ ಮಾಡುವುದು ಅದಲುಬದಲು. ಎರಡನೇ ಸಿಲಿಂಡರಿನ ಸೆನ್ಸರನ್ನು ನಾಲ್ಕಕ್ಕೆ, ನಾಲ್ಕರದ್ದನ್ನು ಎರಡಕ್ಕೆ ಹಾಕಿ ಓಡಿಸುತ್ತಾರೆ. ತೊಂದರೆ ಸೆನ್ಸರ್ ಜೊತೆ ನಾಲ್ಕಕ್ಕೆ ಹೋದರೆ ಸೆನ್ಸರ್ ಕೆಟ್ಟಿದೆ. ಎರಡರಲ್ಲೇ ಉಳಿದರೆ ವೈರನ್ನೂ ಮೀಟರನ್ನೂ ನೋಡಬೇಕು. ಅವೂ ಸರಿ ಇದ್ದರೆ ಆ ಸೂಜಿ ಇಷ್ಟು ಹೊತ್ತು ನಿಜವನ್ನೇ ಹೇಳುತ್ತಿತ್ತು. ಸಿಲಿಂಡರನ್ನೇ ಪರೀಕ್ಷಿಸಬೇಕು.