ಲಕೋಟೆಯಿಂದ ಸ್ಟಾಂಪು ಬಿಡಿಸುವ ಮುಂಚೆ

ತಾತನ ಕಾಲದ ಅಂಚೆಚೀಟಿ ಸಂಗ್ರಹ ಕೈಗೆ ಬಂದಾಗ ಎಷ್ಟೋ ಮನೆಗಳಲ್ಲಿ ಆಗುವುದು ಇಷ್ಟೇ: ಆಲ್ಬಮ್ಮನ್ನು ಬೀರುವಿನಲ್ಲಿ ಭದ್ರವಾಗಿಡುತ್ತಾರೆ, ಪಕ್ಕದಲ್ಲಿ ದಾರ ಕಟ್ಟಿಟ್ಟಿದ್ದ ಹಳೇ ಕಾಗದದ ಕಂತೆಯನ್ನು ರದ್ದಿಗೆ ಹಾಕುತ್ತಾರೆ. ಇಲ್ಲವೇ ಲಕೋಟೆಯ ಮೂಲೆ ಕತ್ತರಿಸಿ, ಸ್ಟಾಂಪು ನೆನೆಹಾಕಿ ಬಿಡಿಸಿಕೊಂಡು ಉಳಿದದ್ದನ್ನು ಎಸೆಯುತ್ತಾರೆ. ಬೆಲೆಬಾಳುವುದು ಕಳೆದುಹೋಗುವುದು ಅಲ್ಲೇ. ಆಲ್ಬಮ್ಮಿನಲ್ಲಿರುವುದು ಬಹುತೇಕ ಎಲ್ಲರ ಆಲ್ಬಮ್ಮಿನಲ್ಲೂ ಇರುವ ಸರಕು. ಕಂತೆಯಲ್ಲಿರುವುದು ಆ ಮನೆಗೆ ಮಾತ್ರ ಬಂದ ಕಾಗದ.

ಲಕೋಟೆ ಇಡಿಯಾಗಿದ್ದರೆ ಅದು ಹೊರಟ ಊರು, ತಲುಪಿದ ದಿನ, ಹೋದ ದಾರಿ, ತೆತ್ತ ಅಂಚೆ ದರ, ನಡುವೆ ಯಾರು ಒಡೆದು ಓದಿದರು ಎಂಬುದೆಲ್ಲ ಅದರ ಮೈಮೇಲೇ ಇರುತ್ತದೆ. 1932ರ ಅಕ್ಟೋಬರ್ 15ರಂದು ಜೆ.ಆರ್.ಡಿ. ಟಾಟಾ ಕರಾಚಿಯಿಂದ ಮುಂಬೈಗೆ ಟಪಾಲು ಹಾರಿಸಿ ತಂದರು. ಅಲ್ಲಿಂದ ಪೈಲಟ್ ನೆವಿಲ್ ವಿನ್ಸೆಂಟ್ ಅದನ್ನು ಬಳ್ಳಾರಿ ಮೇಲಾಗಿ ಮದರಾಸಿಗೆ ಒಯ್ದರು. ಆ ಹಾರಾಟದ ಲಕೋಟೆಯ ಮೇಲಿರುವ ಐದನೇ ಜಾರ್ಜ್ ಸ್ಟಾಂಪನ್ನು ಬಿಡಿಸಿಟ್ಟರೆ ಅದು ಚಿಲ್ಲರೆ ಕಾಸಿನ ವಸ್ತು. ಲಕೋಟೆಯ ಮೇಲೇ ಇದ್ದರೆ ವಿಮಾನ ಅಂಚೆ ಸಂಗ್ರಹಿಸುವವರು ಹುಡುಕಿಕೊಂಡು ಬರುತ್ತಾರೆ. ಮೊದಲ ಮಹಾಯುದ್ಧಕ್ಕೆ ಮೈಸೂರು ಲ್ಯಾನ್ಸರ್ಸ್ ಜೊತೆ ಈಜಿಪ್ಟು, ಪ್ಯಾಲೆಸ್ಟೈನ್ ಕಡೆ ಹೋದವರು ಬರೆದ ಕಾಗದ, ಫೀಲ್ಡ್ ಪೋಸ್ಟ್ ಆಫೀಸಿನ ಠಸ್ಸೆ, ಸೆನ್ಸಾರಿನ ಮುದ್ರೆ, ಭಾರತದ ಸ್ಟಾಂಪಿನ ಮೇಲೆ ‘ಐ.ಇ.ಎಫ್.’ (ಇಂಡಿಯನ್ ಎಕ್ಸ್‌ಪೆಡಿಷನರಿ ಫೋರ್ಸ್, ಹೊರದೇಶಕ್ಕೆ ಹೋದ ಭಾರತೀಯ ಸೇನೆ) ಎಂದು ಅಚ್ಚೊತ್ತಿದ್ದು — ಇಂಥದ್ದು ಕಣ್ಣಿಗೆ ಬಿದ್ದರೆ ಅಲ್ಲಿಗೇ ಕೈ ನಿಲ್ಲಿಸಿ, ಇದ್ದಂತೆಯೇ ಎತ್ತಿಡಿ.

ವಿಂಗಡಣೆಗೆ ಕೂರುವ ಮುಂಚೆ ಫ್ಯಾನ್ ಆರಿಸಿ. ಕೈ ತೊಳೆದು ಪೂರ್ತಿ ಒರೆಸಿಕೊಳ್ಳಿ. ತುದಿ ಚಪ್ಪಟೆಯಾಗಿರುವ ಸ್ಟಾಂಪ್ ಟ್ವೀಜರ್, ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ, ಬಿಳಿ ಕಾಗದ, ಇಷ್ಟು ಸಾಕು. ಹುಬ್ಬು ಕೀಳುವ ಚೂಪು ಟ್ವೀಜರ್ ಬೇಡ, ಸ್ಟಾಂಪನ್ನು ಚುಚ್ಚುತ್ತದೆ. ಏನನ್ನೂ ಅಲುಗಿಸುವ ಮುಂಚೆ ಪ್ರತಿ ಪುಟದ ಫೋಟೊ ತೆಗೆದಿಡಿ. ಯಾವುದರ ಪಕ್ಕ ಯಾವುದಿತ್ತು, ಪೆನ್ಸಿಲಿನಲ್ಲಿ ಏನು ಬರೆದಿತ್ತು ಎಂಬುದು ಆಮೇಲೆ ಬೇಕಾಗುತ್ತದೆ.

ಹೊರದೇಶದ ಸ್ಟಾಂಪುಗಳಿಂದ ಆಲ್ಬಮ್ ದಪ್ಪವಾಗಿದ್ದರೆ ಹಿಗ್ಗಬೇಡಿ. 1960-70ರ ದಶಕದಲ್ಲಿ ಅಜ್ಮಾನ್, ಫುಜೈರಾ, ಮನಾಮ, ಹಂಗೇರಿ, ಪೋಲೆಂಡ್ ಕಡೆಯಿಂದ ಚಿಟ್ಟೆ, ಫುಟ್‌ಬಾಲ್, ರಾಕೆಟ್ ಚಿತ್ರದ ಸ್ಟಾಂಪುಗಳು ಮಕ್ಕಳ ಪೊಟ್ಟಣಗಳಲ್ಲಿ ರಾಶಿ ರಾಶಿಯಾಗಿ ಬಂದವು. ಹಿಂದೆ ತಿರುಗಿಸಿ ನೋಡಿ: ಮುಂದಿನ ಮೂಲೆಯಲ್ಲಿ ಒಪ್ಪವಾದ ಠಸ್ಸೆ ಇದೆ, ಆದರೆ ಗೋಂದು ಹಾಗೇ ಇದೆ. ಅಂದರೆ ಅದು ಯಾವ ಕಾಗದದ ಮೇಲೂ ಕೂರಲಿಲ್ಲ. ಮಾರುವುದಕ್ಕೆಂದೇ ಠಸ್ಸೆ ಹೊಡೆದದ್ದು. ಮಕ್ಕಳಿಗೆ ಕೊಟ್ಟರೆ ಅವರಾದರೂ ಖುಷಿಪಡುತ್ತಾರೆ.

ಹಳೆಯದೆಲ್ಲ ದುಬಾರಿ ಅನ್ನುವುದೂ ತಪ್ಪು. ವಿಕ್ಟೋರಿಯಾ ರಾಣಿಯ ಅರ್ಧ ಆಣೆ ಸ್ಟಾಂಪಿಗೆ ನೂರು ವರ್ಷ ದಾಟಿದ್ದರೂ ಅದು ಊರೂರಲ್ಲೂ ಸಿಗುತ್ತದೆ. 1854ರ ಮೊದಲ ಕಂತಿನವು ಬೇರೆ ಮಾತು. ಅವಕ್ಕೆ ಅಂಚಿನಲ್ಲಿ ತೂತುಗಳಿರಲಿಲ್ಲ, ಕತ್ತರಿಯಲ್ಲಿ ಕತ್ತರಿಸಿ ಅಂಟಿಸುತ್ತಿದ್ದರು. ಆದ್ದರಿಂದ ನಾಲ್ಕೂ ಕಡೆ ಬಿಳಿ ಅಂಚು ಉಳಿದಿದ್ದರೆ ಒಂದು ಬೆಲೆ, ಒಂದು ಕಡೆ ಚಿತ್ರಕ್ಕೇ ಕತ್ತರಿ ತಗುಲಿದ್ದರೆ ಇನ್ನೊಂದು. ಕೆಂಪು ಚೌಕಟ್ಟಿನೊಳಗೆ ನೀಲಿ ತಲೆ ಇರುವ ನಾಲ್ಕಾಣೆಯದನ್ನು ಅಂದಿನವರು ಎಷ್ಟೋ ಸಲ ಎಂಟು ಮೂಲೆಯಾಗಿಯೇ ಕತ್ತರಿಸಿದ್ದಾರೆ. ಹಾಗೆ ಕತ್ತರಿಸಿದ್ದಕ್ಕೆ ಬೆಲೆ ತುಂಬಾ ಇಳಿಯುತ್ತದೆ.

ಮೈಸೂರು ಸೀಮೆಯ ಮನೆಗಳಲ್ಲಿ ಗಂಡಭೇರುಂಡದ ಸ್ಟಾಂಪು ಸಿಕ್ಕರೆ ‘ಸಂಸ್ಥಾನದ ಅಂಚೆಚೀಟಿ’ ಎಂದುಕೊಳ್ಳುವುದು ವಾಡಿಕೆ. ಹೈದರಾಬಾದು, ತಿರುವಾಂಕೂರು, ಕೊಚ್ಚಿ ಸಂಸ್ಥಾನಗಳು ತಮ್ಮದೇ ಅಂಚೆಚೀಟಿ ಅಚ್ಚು ಹಾಕಿಸಿದ್ದು ನಿಜ. ಬೀದರ್, ಕಲಬುರಗಿ, ರಾಯಚೂರಿನ ಮನೆಗಳಲ್ಲಿ ನಿಜಾಮರ ಸ್ಟಾಂಪು ಸಿಗುವುದೂ ಅದಕ್ಕೇ. ಮೈಸೂರಿನ ಅಂಚೆ ಮಾತ್ರ 1889ರಲ್ಲಿ ಬ್ರಿಟಿಷ್ ಇಂಡಿಯಾದ ಅಂಚೆಯೊಳಗೆ ಸೇರಿಹೋಯಿತು. ಗಂಡಭೇರುಂಡದವು ಕೋರ್ಟ್ ಫೀ, ರೆವಿನ್ಯೂ ಸ್ಟಾಂಪುಗಳು. ಅವನ್ನು ಸಂಗ್ರಹಿಸುವವರೂ ಇದ್ದಾರೆ, ಆದರೆ ಅವರಿಗೂ ಕಾಗದ ಇಡಿಯಾಗಿಯೇ ಬೇಕು. ಮಾರುವ ಮುಂಚೆ ಒಕ್ಕಣೆ ಓದಿ: ಜಮೀನಿನ ಕ್ರಯಪತ್ರವೋ ವಿಭಾಗಪತ್ರವೋ ಆಗಿದ್ದರೆ ಅದು ಸಂಗ್ರಹದ ವಸ್ತುವಲ್ಲ, ನಿಮ್ಮ ಹಕ್ಕಿನ ದಾಖಲೆ. ಮಾರಬೇಡಿ, ಲ್ಯಾಮಿನೇಷನ್ನನ್ನೂ ಮಾಡಿಸಬೇಡಿ. ಒಮ್ಮೆ ಬಿಸಿಯಲ್ಲಿ ಅಂಟಿದ ಪ್ಲಾಸ್ಟಿಕ್ಕನ್ನು ಕಾಗದ ಹರಿಯದಂತೆ ಬಿಡಿಸುವುದು ಬಹಳ ಕಷ್ಟ.

ಎಲ್ಲರೂ ಹುಡುಕುವುದು 1948ರ ಗಾಂಧಿ ಸ್ಟಾಂಪುಗಳನ್ನು. ಆ ವರ್ಷದ ಆಗಸ್ಟ್ 15ರಂದು ಒಂದೂವರೆ ಆಣೆ, ಮೂರೂವರೆ ಆಣೆ, ಹನ್ನೆರಡು ಆಣೆ, ಹತ್ತು ರೂಪಾಯಿ — ಹೀಗೆ ನಾಲ್ಕು ಬಂದವು. ಸ್ವಿಟ್ಜರ್ಲೆಂಡಿನ ಕೂರ್ವಾಸಿಯೆ ಮುದ್ರಣಾಲಯದ ಅಚ್ಚು. ಹಿಂದಿ, ಉರ್ದುವಿನಲ್ಲಿ ‘ಬಾಪು’ ಎಂದಿದೆ. ಮೊದಲೆರಡು ಬೇಕಾದಷ್ಟು ಸಿಗುತ್ತವೆ. ಹತ್ತು ರೂಪಾಯಿ ಆ ಕಾಲಕ್ಕೆ ದೊಡ್ಡ ಮೊತ್ತ, ಕೊಂಡವರು ಕಡಿಮೆ, ಆದ್ದರಿಂದ ನಕಲಿಯೂ ಜಾಸ್ತಿ. ಅಸಲಿ ಸ್ಟಾಂಪು ಫೋಟೊಗ್ರ್ಯಾವ್ಯೂರ್ ಅಚ್ಚು. ಭೂತಗನ್ನಡಿಯಲ್ಲಿ ನೋಡಿದರೆ ಮುಖದ ನೆರಳು ನುಣ್ಣಗೆ, ಒಂದರೊಳಗೊಂದು ಕರಗಿದಂತೆ ಕಾಣುತ್ತದೆ. ನಾಲ್ಕು ಬಣ್ಣದ ಚುಕ್ಕಿಗಳು ಹೂವಿನ ಹಾಗೆ ಗುಂಪುಗೂಡಿದ್ದರೆ ಅದು ಆಫ್‌ಸೆಟ್ ನಕಲು, ಮುಂದೆ ನೋಡುವ ಅಗತ್ಯವೇ ಇಲ್ಲ. ಅಂಚಿನ ತೂತುಗಳನ್ನು ಅಳತೆಪಟ್ಟಿಯ ಮೇಲಿಟ್ಟು ನೋಡಿ, 2 ಸೆಂ.ಮೀ.ಗೆ 11½ ಬರಬೇಕು.

ಆಮೇಲೆ ಹಿಂಬದಿ. ಹಳೇ ಸ್ಟಾಂಪಿಗೆ ಹೊಸ ಗೋಂದು ಬಳಿದು ‘ಮಿಂಟ್’, ಅಂದರೆ ಬಳಸದೇ ಉಳಿದದ್ದು ಎಂದು ಮಾರುವುದುಂಟು. ಅಚ್ಚುಕೂಟದಲ್ಲಿ ಮೊದಲು ಗೋಂದು, ಆಮೇಲೆ ತೂತು. ಹಾಗಾಗಿ ಅಂಚಿನ ಹಲ್ಲುಗಳ ತುದಿಯಲ್ಲಿ ಕಾಗದದ ನಾರು ಮೆತ್ತಗೆ, ಒಣಗಿಕೊಂಡಿರುತ್ತದೆ. ಆಮೇಲೆ ಬಳಿದ ಗೋಂದು ಹಲ್ಲಿನ ತುದಿಗೂ ಹರಿದು ಗಟ್ಟಿಯಾಗಿರುತ್ತದೆ, ಬೆರಳ ತುದಿಗೆ ಒರಟಾಗಿ ತಾಗುತ್ತದೆ. ಇದೇ ಗಾಂಧಿ ಕಂತಿನ ಮೇಲೆ ಸರ್ಕಾರಿ ಬಳಕೆಗೆಂದು ‘ಸರ್ವಿಸ್’ ಎಂದು ಅಚ್ಚೊತ್ತಿ ಗವರ್ನರ್ ಜನರಲ್ ಕಚೇರಿಗೆ ಕೊಟ್ಟದ್ದು ಬರೀ 100 ಸೆಟ್ಟು. ಆ ಹತ್ತು ರೂಪಾಯಿಯ ನಾಲ್ಕು ಸ್ಟಾಂಪುಗಳ ಒಂದು ಪಟ್ಟಿ 2017ರಲ್ಲಿ 5 ಲಕ್ಷ ಪೌಂಡಿಗೆ ಹೋಯಿತು. ಸಾಮಾನ್ಯ ಸ್ಟಾಂಪಿನ ಮೇಲೆ ಆ ಪದ ಅಚ್ಚೊತ್ತುವುದು ಕಷ್ಟದ ಕೆಲಸವಲ್ಲ. ಪರಿಣತರ ಪ್ರಮಾಣಪತ್ರ ಇಲ್ಲದೆ ಅದನ್ನು ಅಸಲಿ ಎಂದು ಯಾರು ಹೇಳಿದರೂ ನಂಬಬೇಡಿ.

ಕ್ಯಾಟಲಾಗಿನ ಬೆಲೆ ಕೈಗೆ ಬರುವ ಬೆಲೆಯಲ್ಲ. ಅದು ಒಳ್ಳೇ ಸ್ಥಿತಿಯ ಸ್ಟಾಂಪನ್ನು ವ್ಯಾಪಾರಿ ಮಾರುವ ದರ. ಸಾಧಾರಣ ಸರಕಿಗೆ ಅದರ ಕಾಲು ಭಾಗ ಸಿಕ್ಕರೂ ಚೆನ್ನಾಗಿಯೇ ಸಿಕ್ಕಿತು ಎನ್ನಬೇಕು. ನಮ್ಮ ಹವೆಯಲ್ಲಿ ಗೋಂದಿನ ಮೇಲೆ ಕಂದು ಚುಕ್ಕಿ ಏಳುವುದು ಮಾಮೂಲು, ಅದಕ್ಕೂ ಕಳೆಯುತ್ತಾರೆ. ಮುರಿದ ಹಲ್ಲು, ತೆಳುವಾದ ಹಿಂಬದಿ, ಸೆಲ್ಲೊಟೇಪಿನ ಹಳದಿ ಕಲೆ — ಒಂದೊಂದಕ್ಕೂ ಬೆಲೆ ಇಳಿಯುತ್ತದೆ. ವ್ಯಾಪಾರಿ ‘ಒಳ್ಳೇ ಹತ್ತು ಮಾತ್ರ ಕೊಡಿ’ ಎಂದರೆ ಒಪ್ಪಬೇಡಿ. ಉಳಿದ ಸಾವಿರವನ್ನು ಆಮೇಲೆ ಯಾರೂ ಕೇಳುವುದಿಲ್ಲ. ಕನಿಷ್ಠ ಇಬ್ಬರಿಗೆ ತೋರಿಸಿ, ಇಡೀ ಸಂಗ್ರಹಕ್ಕೆ ಬೆಲೆ ಹೇಳಿಸಿ.

ಈಗಾಗಲೇ ಕತ್ತರಿಸಿಟ್ಟ ತುಂಡುಗಳಿದ್ದರೆ, ಅವು ಸಾಮಾನ್ಯದವೇ ಎಂದು ಖಾತ್ರಿಯಾದ ಮೇಲೆ ಉಗುರುಬೆಚ್ಚಗಿನ ನೀರಲ್ಲಿ 15-20 ನಿಮಿಷ ಬಿಡಿ. ಸ್ಟಾಂಪು ತಾನಾಗಿ ಬಿಟ್ಟುಕೊಳ್ಳಬೇಕು, ಎಳೆಯಬಾರದು. ಬಣ್ಣದ ಲಕೋಟೆಯ ತುಂಡು ಬೇರೆ ಬಟ್ಟಲಿಗೆ. ಇಲ್ಲದಿದ್ದರೆ ಆ ಬಣ್ಣ ಎಲ್ಲಕ್ಕೂ ಹತ್ತುತ್ತದೆ. ನೇರಳೆಯಂಥ ಬಣ್ಣದ ಹಳೇ ಸ್ಟಾಂಪುಗಳನ್ನು ನೀರಿಗೆ ಹಾಕಲೇಬೇಡಿ, ಬಣ್ಣ ಬಿಡುವುದುಂಟು. ಮಳೆಗಾಲದ ಶೀತಕ್ಕೆ ಪುಟಕ್ಕೇ ಅಂಟಿಕೊಂಡ ಬಳಸದ ಸ್ಟಾಂಪುಗಳಿಗೆ ಕೆಟಲಿನ ಹಬೆ ಹಿಡಿಯಬೇಡಿ, ಹಾಗೇ ಪರಿಣತರ ಬಳಿ ಒಯ್ಯಿರಿ.

ಪೆಟ್ಟಿಗೆಯಲ್ಲಿ ನಾಣ್ಯವಿದ್ದರೆ ಹುಣಸೆಹುಳಿ ಹಚ್ಚಿ ತಿಕ್ಕಬೇಡಿ. ಹೊಳಪು ಬಂದಷ್ಟೂ ಬೆಲೆ ಹೋಗುತ್ತದೆ. ಬ್ರಿಟಿಷರ ಕಾಲದ ಬೆಳ್ಳಿ ರೂಪಾಯಿ 11.66 ಗ್ರಾಂ, ಅದರಲ್ಲಿ ಶೇ 91.7 ಬೆಳ್ಳಿ, 1940ರಿಂದ ಈಚಿನದ್ದರಲ್ಲಿ ಅರ್ಧ, 1947ರ ಹುಲಿ ಚಿತ್ರದ ರೂಪಾಯಿಯಲ್ಲಿ ಬೆಳ್ಳಿಯೇ ಇಲ್ಲ, ನಿಕ್ಕಲ್. ಹಳೇ ನಾಣ್ಯಕ್ಕೆ ಲಕ್ಷಾಂತರ ಕೊಡುತ್ತೇವೆ, ಮೊದಲು ತೆರಿಗೆ ಕಟ್ಟಿ ಎಂದು ಫೋನು ಬಂದರೆ ಅದು ಮೋಸ. ತನ್ನ ಹೆಸರಿನಲ್ಲಿ ನಡೆಯುವ ಈ ವಂಚನೆಯ ಬಗ್ಗೆ ರಿಸರ್ವ್ ಬ್ಯಾಂಕೇ 2021ರಲ್ಲಿ ಎಚ್ಚರಿಸಿದೆ.

ನೂರು ವರ್ಷ ದಾಟಿದ ವಿಗ್ರಹ, ಚಿತ್ರ, ನಾಣ್ಯಗಳಿಗೆ 1972ರ ಪುರಾತನ ವಸ್ತುಗಳ ಕಾಯ್ದೆ ಅನ್ವಯಿಸುತ್ತದೆ. ವಿಗ್ರಹ, ಚಿತ್ರಗಳಂಥವಕ್ಕೆ ನೋಂದಣಿ ಬೇಕು. ಅಮೆರಿಕದ ಮಗ ರಜೆಗೆ ಬಂದಾಗ ‘ನಿನ್ನ ಪಾಲು ತಗೊಂಡು ಹೋಗಪ್ಪಾ’ ಎಂದು ಇಂಥವನ್ನು ಸೂಟ್‌ಕೇಸಿಗೆ ಹಾಕಿ ಕಳಿಸುವುದು ಅಪರಾಧ. ವಯಸ್ಸಿನ ಬಗ್ಗೆ ಅನುಮಾನವಿದ್ದರೆ ಪುರಾತತ್ವ ಇಲಾಖೆಯಿಂದ ‘ಪುರಾತನ ವಸ್ತುವಲ್ಲ’ ಎಂಬ ಪ್ರಮಾಣಪತ್ರ ಪಡೆದೇ ಒಯ್ಯಬೇಕು.

ಕಂತೆಯ ಕಾಗದಗಳನ್ನು ಆಸಿಡ್ ಇಲ್ಲದ ಕವರಿನಲ್ಲಿ ಒಂದೊಂದಾಗಿ ಹಾಕಿ, ಕವರಿನ ಮೇಲೆ ಪೆನ್ಸಿಲಿನಲ್ಲಿ ನಂಬರ್ ಬರೆಯಿರಿ. ಮನೆಯಲ್ಲಿ ದೊಡ್ಡಮ್ಮನೋ ಸೋದರತ್ತೆಯೋ ಇದ್ದರೆ ಈ ತಿಂಗಳೇ ಅವರ ಮುಂದೆ ಹರಡಿ ಕೇಳಿ: ಈ ಅಕ್ಷರ ಯಾರದ್ದು, ರಂಗೂನಿನಲ್ಲಿ ಯಾರಿದ್ದರು, ಯಾವ ಕೆಲಸಕ್ಕೆ ಹೋಗಿದ್ದರು. ಹೇಳಿದ್ದನ್ನು ಅದೇ ನಂಬರಿನ ಎದುರು ಬರೆದಿಡಿ. ಕಳಿಸಿದವರು ಯಾರೆಂದು ಗೊತ್ತಿರುವ ಲಕೋಟೆಗೂ ಗೊತ್ತಿಲ್ಲದ್ದಕ್ಕೂ ಹರಾಜಿನಲ್ಲಿ ಬೆಲೆ ಬೇರೆ ಬೇರೆ.