ಕರಾವಳಿಯನ್ನು ಬಿಟ್ಟು ಸಾಗಿದ ಅನಿಲ ಕೊಳವೆ

ನೈಸರ್ಗಿಕ ಅನಿಲದ ಎರಡು ದೊಡ್ಡ ಕೊಳವೆಮಾರ್ಗಗಳು ಉತ್ತರ ಕನ್ನಡದ ಆಚೀಚೆ ಇವೆ. ಮಹಾರಾಷ್ಟ್ರದ ದಾಭೋಳದಿಂದ ಬೆಂಗಳೂರಿಗೆ ಹೋಗುವ, ಸುಮಾರು 1,000 ಕಿಲೋಮೀಟರ್ ಉದ್ದದ ಮಾರ್ಗ 2013ರಲ್ಲಿ ಸಿದ್ಧವಾಯಿತು; ಅದು ಬೆಳಗಾವಿ, ಧಾರವಾಡಗಳ ಬಯಲುಸೀಮೆಯನ್ನು ಹಿಡಿದು ಸಾಗುತ್ತದೆ. 2021ರ ಜನವರಿ 5ರಂದು ಉದ್ಘಾಟನೆಯಾದ 450 ಕಿಲೋಮೀಟರಿನ ಕೊಚ್ಚಿ–ಮಂಗಳೂರು ಮಾರ್ಗ ಮಂಗಳೂರಿನಲ್ಲೇ ನಿಲ್ಲುತ್ತದೆ. ಭಟ್ಕಳದಿಂದ ಕಾರವಾರದವರೆಗಿನ ಕರಾವಳಿಗೆ ಎರಡೂ ದೂರವೇ ಉಳಿದವು. ಘಟ್ಟ ಮತ್ತು ಕಾಡು ಇದಕ್ಕೆ ಕಾರಣವೆನ್ನುವುದು ಸರಿಯೇ, ಆದರೆ ಕೊಳವೆಯಲ್ಲಿ ಯಾರಿಗೆ ಎಷ್ಟು ಜಾಗ ಎಂಬ ನಿಯಮಗಳೂ ಅಷ್ಟೇ ದೊಡ್ಡ ಕಾರಣ.

1984ರಲ್ಲಿ ಕೇಂದ್ರ ಸರ್ಕಾರದ ಅನಿಲ ಕಂಪನಿ ಗೇಲ್ ಸ್ಥಾಪನೆಯಾಗಿ, ಉತ್ತರ ಭಾರತದತ್ತ ಸಾಗುವ ಹಜೀರಾ–ವಿಜೈಪುರ–ಜಗದೀಶಪುರ ಮಾರ್ಗವನ್ನು ಹಾಕಿದಾಗ, ಅನಿಲ ಮಾರುವವರೂ ಅದನ್ನು ಸಾಗಿಸುವವರೂ ಒಬ್ಬರೇ ಆಗಿದ್ದರು. ಗೊಬ್ಬರದ ಕಾರ್ಖಾನೆ, ವಿದ್ಯುತ್ ಸ್ಥಾವರಗಳಂಥ ದೊಡ್ಡ ಗ್ರಾಹಕರಿಗೆ ಸರ್ಕಾರವೇ ಪಾಲು ಗೊತ್ತುಮಾಡುತ್ತಿದ್ದುದರಿಂದ, ಮೂರನೆಯವರು ಕೊಳವೆಯಲ್ಲಿ ಜಾಗ ಕೇಳುವ ಪ್ರಶ್ನೆಯೇ ಏಳುತ್ತಿರಲಿಲ್ಲ. ನೈಸರ್ಗಿಕ ಅನಿಲ ಕೇಂದ್ರದ ಅಧಿಕಾರಕ್ಕೆ ಸೇರಿದ ವಿಷಯವೆಂದು 2004ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. 2006ರ ಕಾಯ್ದೆಯಂತೆ ಮರುವರ್ಷ ಪೆಟ್ರೋಲಿಯಂ ಮತ್ತು ನೈಸರ್ಗಿಕ ಅನಿಲ ನಿಯಂತ್ರಣ ಮಂಡಳಿ ರಚನೆಯಾಯಿತು.

ಮಂಡಳಿಯ 2008ರ ನಿಯಮಗಳೇ ಇಂದಿನ ವ್ಯವಸ್ಥೆಗೆ ಬುನಾದಿ. ಹೊಸ ಕೊಳವೆ ಹಾಕುವವರು ತಮಗೆ ಬೇಕಾದ ಮತ್ತು ಆಗಲೇ ಒಪ್ಪಂದವಾದ ಸಾಮರ್ಥ್ಯದ ಮೇಲೆ ಕನಿಷ್ಠ ಶೇ 33ರಷ್ಟು ಹೆಚ್ಚುವರಿ ಸಾಮರ್ಥ್ಯವನ್ನು ಇತರರಿಗಾಗಿ ಇಡಬೇಕು. ಒಂದು ವರ್ಷ ಅಥವಾ ಅದಕ್ಕೂ ದೀರ್ಘ ಅವಧಿಗೆ ಜಾಗ ಹಿಡಿಯುವವರದು ಖಚಿತ ಒಪ್ಪಂದ. ಅಲ್ಪಾವಧಿಯವರಿಗೆ ಈ ಹೆಚ್ಚುವರಿ ಪಾಲು ತಾರತಮ್ಯವಿಲ್ಲದೆ ಸಿಗಬೇಕು. ಇದರಲ್ಲಿ ಸಣ್ಣವರನ್ನು ಹೆದರಿಸುವ ಅಂಶ ಒಂದಿದೆ. ಖಚಿತ ಒಪ್ಪಂದ ಮಾಡಿಕೊಂಡವರು, ಅನಿಲ ಹರಿಸಲಿ ಬಿಡಲಿ, ಕಾಯ್ದಿರಿಸಿದ ಸಾಮರ್ಥ್ಯದ ಬಹುಪಾಲಿಗೆ ಸಾಗಣೆ ಶುಲ್ಕ ಕಟ್ಟಲೇಬೇಕು. ಅನಿಲದ ದಿನ ಬೆಳಿಗ್ಗೆ 6ಕ್ಕೆ ಶುರುವಾಗಿ ಮರುದಿನ 6ಕ್ಕೆ ಮುಗಿಯುತ್ತದೆ. ಆ ದಿನಕ್ಕೆ ಎಷ್ಟು ಒಳಬಿಡುತ್ತೇವೆ, ಎಷ್ಟು ಹೊರತೆಗೆಯುತ್ತೇವೆ ಎಂದು ಮೊದಲೇ ತಿಳಿಸಬೇಕು, ಲೆಕ್ಕ ತಪ್ಪಿದರೆ ಅದಕ್ಕೂ ದಂಡ ತೆರಬೇಕು.

ಸಂಪರ್ಕ ಪಡೆಯುವುದೂ ಸುಲಭವಲ್ಲ. ಅನಿಲ ಹರಿಯುತ್ತಿರುವಾಗಲೇ ಕೊಳವೆಗೆ ಕವಲಿನ ತುಂಡನ್ನು ಬೆಸುಗೆ ಹಾಕಿ, ಅದರ ಮೇಲೆ ಕವಾಟ ಕೂರಿಸಿ, ಕವಾಟದ ಮೂಲಕವೇ ಯಂತ್ರವನ್ನಿಳಿಸಿ ಕೊಳವೆಯ ಗೋಡೆಯನ್ನು ಕೊರೆಯುತ್ತಾರೆ. ಬಳಿಕ ಮೀಟರು ಮತ್ತು ಒತ್ತಡ ಇಳಿಸುವ ಸಾಧನಗಳು ಬರಬೇಕು. ಮುಖ್ಯ ಮಾರ್ಗದಲ್ಲಿ 90 ಬಾರ್ ದಾಟಬಹುದಾದ ಒತ್ತಡ ಅಡುಗೆಮನೆಗೆ ಬರುವಾಗ 21 ಮಿಲಿಬಾರ್‌ಗೆ ಇಳಿದಿರಬೇಕು.

ಉತ್ತರ ಕನ್ನಡದ ತೊಡಕು ಇಲ್ಲಿಯೇ ಇದೆ. ನಗರ ಅನಿಲ ಹಂಚಿಕೆಗೆ ನಮ್ಮ ಜಿಲ್ಲೆಯನ್ನು ಹಾವೇರಿ, ಶಿವಮೊಗ್ಗಗಳೊಂದಿಗೆ ಒಂದೇ ಪ್ರದೇಶವಾಗಿ ಸೇರಿಸಲಾಗಿದೆ. ದಾಂಡೇಲಿಯ ಕಾಗದದ ಕಾರ್ಖಾನೆಯಂಥ ಕೆಲವನ್ನು ಬಿಟ್ಟರೆ ಇಲ್ಲಿನ ಬೇಡಿಕೆ ಗೋಕರ್ಣದ ಹೋಟೆಲು, ಶಿರಸಿಯ ಬೇಕರಿ, ಕುಮಟಾದ ಆಟೋ ಎಂದು ಹಂಚಿಹೋಗಿದೆ. ಕೊಳವೆ ತಲುಪದ ಕಡೆಗೆ ಅನಿಲ ಲಾರಿಯಲ್ಲಿ ಬರಬೇಕು. ಆ ಲಾರಿಗೆ ದೇವಿಮನೆ, ಅರಬೈಲ್‌ನಂಥ ಘಟ್ಟಗಳು ಅಥವಾ ಕರಾವಳಿಯ ಹೆದ್ದಾರಿಯೇ ದಾರಿ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು, ಅಡುಗೆ ಅನಿಲದ ಟ್ಯಾಂಕರ್ ಗಂಗಾವಳಿ ನದಿಗೆ ಬಿದ್ದು, ಹೆದ್ದಾರಿಯೇ ಬಂದಾದದ್ದನ್ನು ಕಂಡವರಿಗೆ, ಮಳೆಗಾಲದಲ್ಲಿ ರಸ್ತೆಯನ್ನೇ ನಂಬಿದ ಪೂರೈಕೆ ಎಷ್ಟು ದುರ್ಬಲವೆಂದು ಬಿಡಿಸಿ ಹೇಳಬೇಕಿಲ್ಲ.

ಕೊಳವೆ ಹಾಕಲು ನೆಲ ಸಿಗುವುದು, ಭೂಮಿಯ ಬಳಕೆಯ ಹಕ್ಕನ್ನಷ್ಟೇ ಪಡೆಯುವ 1962ರ ಕಾಯ್ದೆಯಂತೆ. ಭೂಮಿಯ ಒಡೆತನ ರೈತನಲ್ಲೇ ಉಳಿಯುತ್ತದೆ, ಆದರೆ ಕೊಳವೆ ಹಾದುಹೋಗುವ ನೆಲದ ಪಟ್ಟಿಯಲ್ಲಿ ಮನೆ ಕಟ್ಟುವಂತಿಲ್ಲ, ಬಾವಿ ತೋಡುವಂತಿಲ್ಲ, ಮರ ನೆಡುವಂತಿಲ್ಲ. ಬಳಕೆಯ ಹಕ್ಕಿಗೆ ಸಿಗುವುದು ಮಾರುಕಟ್ಟೆ ಬೆಲೆಯ ಶೇ 10 ಮಾತ್ರ, ಬೆಳೆನಷ್ಟದ ಪರಿಹಾರ ಬೇರೆ. ಅಡಿಕೆ ತೋಟವೇ ಜೀವನಾಧಾರವಾದ ಕಣಿವೆಗಳಲ್ಲಿ ಈ ಶೇ 10 ನ್ಯಾಯವಲ್ಲ ಎಂಬುದು ನನ್ನ ದೃಢ ಅಭಿಪ್ರಾಯ.

2023ರ ಏಪ್ರಿಲ್ 1ರಿಂದ ಜಾರಿಯಾದ ಏಕೀಕೃತ ಸಾಗಣೆ ದರ ಒಂದು ಹೊರೆಯನ್ನು ಇಳಿಸಿತು. ಹಿಂದೆ ಅನಿಲ ಹಲವು ಕೊಳವೆಗಳನ್ನು ದಾಟಿ ಬಂದರೆ ಒಂದೊಂದರ ಶುಲ್ಕವೂ ಬಿಲ್ಲಿಗೆ ಸೇರುತ್ತಿತ್ತು. ಈಗ ದೂರದ ವಲಯಕ್ಕೆ ತಕ್ಕಂತೆ ಒಂದೇ ದರ. ಆದರೂ ಘಟ್ಟವಿಳಿಯುವ ಕವಲಿನ ವೆಚ್ಚ ಹುಟ್ಟಬೇಕಾದರೆ ಯಾರಾದರೂ ದೀರ್ಘಾವಧಿಗೆ ಸಾಮರ್ಥ್ಯ ಕಾಯ್ದಿರಿಸಲೇಬೇಕು, ಮತ್ತು ಆ ಹೊಣೆಯನ್ನು ಚದುರಿದ ಸಣ್ಣ ಬಳಕೆದಾರರು ಒಬ್ಬೊಬ್ಬರೇ ಹೊರಲಾರರು. ಅವರೆಲ್ಲರ ಬೇಡಿಕೆಯನ್ನು ಒಟ್ಟುಗೂಡಿಸಿ ಒಂದೇ ಒಪ್ಪಂದವಾಗಿ ಮುಂದಿಡುವ ಕೆಲಸ ಹಂಚಿಕೆಯ ಪರವಾನಗಿ ಪಡೆದವರದು. ಜಿಲ್ಲೆಯ ಕೈಗಾರಿಕಾ ಸಂಘಗಳೂ ಜನಪ್ರತಿನಿಧಿಗಳೂ ಅವರಿಂದ ಕೇಳಬೇಕಾದ ಮೊದಲ ಲೆಕ್ಕ ಅದು.